ಸೊನ್ನಲಿಗೆಯ ಶಿವಯೋಗಿ ಶ್ರೀ ಸಿದ್ಧರಾಮೇಶ್ವರರು

ಆತ್ಮನು ನಿತ್ಯನು, ದೇಹವು ಅನಿತ್ಯವು. ಮಾಡಿದ ಕರ್ಮದ ಫಲವನ್ನು ಉಣ್ಣದೆ ಜೀವನಿಗೆ ಬಿಡುಗಡೆಯಿಲ್ಲ. ಭರತಖಂಡದ ಆಸ್ತಿಕ ಮತಗಳು ಒಂದಲ್ಲ ಒಂದು ರೀತಿಯಿಂದ ಈ ಮಾತನ್ನು ಒಪ್ಪಿಕೊಂಡಿರುವವು. ಇದನ್ನು ಒಕ್ಕಲು ಮನೆತನದ ಹೋಲಿಕೆಯಿಂದ ಸುಲಭವಾಗಿ ತಿಳಿಯಬಹುದು. ಹಗೇವಿನಲ್ಲಿ ತುಂಬಿಟ್ಟ ಕಾಳು ಸಂಚಿತ ಕರ್ಮವು. ಅದರೊಳಗಿಂದ ತೆಗೆದು ಈ ಹೊತ್ತು ಉಣ್ಣುತ್ತಿರುವದು ಪ್ರಾರಬ್ಧವು. ಮುಂದಿನ ಸುಗ್ಗಿಗೆಂದು ಹೊಲಕ್ಕೆ ಬಿತ್ತುತ್ತಿರುವದು ಆಗಾಮಿಯು. ಉಣ್ಣುವದು, ಬಿತ್ತುವದು, ಬೆಳೆದು ಹಗೇವನ್ನು ತುಂಬುವದು, ಮರಳಿ ಉಣ್ಣುವದು, ಇದೇ ಭವಚಕ್ರವು. ಪಾಪವು ಜೀವನನ್ನು ಕಟ್ಟುವದೆಂಬುದನ್ನು ಎಲ್ಲರೂ ಬಲ್ಲರು. ಆದರೆ ಪುಣ್ಯವೂ ಬಿತ್ತಿದ ಬೀಜವೇ ಆಗಿರುವದೆಂಬುದನ್ನು ಬಲ್ಲವರು ವಿರಳ. ಕೆರೆಯನ್ನು ಕಟ್ಟಿಸಿದವನೂ, ಗುಡಿಯನ್ನು ಎತ್ತಿಸಿದವನೂ, ಸಾವಿರಾರು ಜನಕ್ಕೆ ಅನ್ನವಿಕ್ಕಿದವನೂ ಕೂಡ, ನಾನು ಮಾಡಿದೆನೆಂಬ ಭಾವವು ಒಳಗೆ ಉಳಿದಿದ್ದರೆ, ಆ ಸತ್ಕರ್ಮದ ಫಲವನ್ನು ಉಣ್ಣುವದಕ್ಕಾಗಿಯೇ ಮರಳಿ ಹುಟ್ಟಿ ಬರಬೇಕಾಗುವದು. ಹಾಗಾದರೆ ಸತ್ಕರ್ಮವನ್ನು ಬಿಟ್ಟುಬಿಡಬೇಕೇ? ಬಿಟ್ಟರೆ ಲೋಕವು ಬಾಳುವದೆಂತು? ಮಾಡಿದರೆ ಮುಕ್ತಿಯೆಂತು?

ಭಕ್ತನನ್ನು ಕಾಡುವ ಈ ಪ್ರಶ್ನೆಗೆ ಶಾಸ್ತ್ರಗಳಲ್ಲಿ ಉತ್ತರವುಂಟು. ಆದರೆ ಆ ಉತ್ತರವನ್ನು ಒಬ್ಬ ಮಹಾತ್ಮರ ಬಾಳಿನಲ್ಲಿಯೇ ಕಾಣಬೇಕೆಂದರೆ 12ನೆಯ ಶತಮಾನದ ಶಿವಯೋಗಿ, ಸೊನ್ನಲಿಗೆಯ ಶ್ರೀ ಸಿದ್ಧರಾಮೇಶ್ವರರ ಚರಿತ್ರೆಯನ್ನು ನೋಡಬೇಕು. ಮೊದಲು ಅವರು ಕರ್ಮಯೋಗಿಗಳು, ಬಳಿಕ ಶಿವಯೋಗಿಗಳು. ಈ ಎರಡರ ನಡುವಿನ ದಾರಿಯೇ ಅವರ ಜೀವನದ ಸಾರವು.

ಜನನ ಮತ್ತು ಬಾಲ್ಯ

ಸೊನ್ನಲಿಗೆಯೆಂದರೆ ಇಂದಿನ ಸೊಲ್ಲಾಪುರವು. 1960ರಿಂದ ಮಹಾರಾಷ್ಟ್ರ ರಾಜ್ಯಕ್ಕೆ ಸೇರಿರುವ ಈ ಪಟ್ಟಣವು ಸಿದ್ಧರಾಮರ ಕಾಲಕ್ಕೆ ಕನ್ನಡ ನಾಡಿನೊಳಗಿನ ಒಂದು ಸಣ್ಣ ಊರಾಗಿತ್ತು. ಆ ಊರಿನ ಮುದ್ದುಗೌಡ ಮತ್ತು ಸುಗ್ಗಲೆಯೆಂಬ ದಂಪತಿಗಳ ಉದರದಲ್ಲಿ ಸಿದ್ಧರಾಮರು ಜನಿಸಿದರು. ರೇವಣಸಿದ್ಧೇಶ್ವರರು ಆ ಊರಿಗೆ ದಯಮಾಡಿಸಿದಾಗ, ಸುಗ್ಗಲಾದೇವಿಯ ಗರ್ಭದಲ್ಲಿ ಮಹಾಯೋಗಿಯೊಬ್ಬನು ಅವತರಿಸುವನೆಂದು ಮುಂದಾಗಿಯೇ ಅರುಹಿದ್ದರೆಂದು ಪರಂಪರೆಯು ಹೇಳುತ್ತದೆ. ಮನೆಯವರು ತಮ್ಮ ಕುಲದೈವದ ಹೆಸರಿನಿಂದ ಕೂಸಿಗೆ ಧೂಳಿಮಾಕಾಳನೆಂದು ಕರೆದರೂ, ಲೋಕದಲ್ಲಿ ನಿಂತದ್ದು ಸಿದ್ಧರಾಮನೆಂಬ ಹೆಸರೇ.

ಈ ಬಾಲಕನು ಉಳಿದ ಮಕ್ಕಳಂತೆ ಆಡಲಿಲ್ಲ, ಮಾತಾಡಲಿಲ್ಲ. ಕರೆದರೆ ಓಗೊಡದೆ, ಕೊಟ್ಟರೆ ಬೇಡೆನ್ನದೆ, ತನ್ನೊಳಗೆ ತಾನಿರುವವನಂತೆ ಇದ್ದನು. ನೆರೆಹೊರೆಯವರು ಅವನನ್ನು ಮಂಕನೆಂದೇ ಬಗೆದರು. ಓದುಬರಹಕ್ಕೆ ಒದಗದ ಮಗನೆಂದು ತಂದೆಯು ದನ ಕಾಯುವದಕ್ಕೆ ಕಳುಹಿದನು. ಹಿಂದಿನ ಜನ್ಮಗಳ ಸಾಧನೆಯು ಪಕ್ವವಾಗಿ ಬಂದ ಆತ್ಮನು ಲೋಕದ ಕಣ್ಣಿಗೆ ಮೊದಲು ಹೀಗೆಯೇ ಕಾಣುವದುಂಟು. ಒಳಗೆ ತುಂಬಿದ ಕೊಡವು ಸದ್ದು ಮಾಡದು.

ಒಂದು ದಿನ ಬಾಲಕನು ನವಣೆಯ ಹೊಲದಲ್ಲಿದ್ದಾಗ ಒಬ್ಬ ಜಂಗಮನು ಅಲ್ಲಿಗೆ ಬಂದನು. ತನ್ನ ಹೆಸರು ಮಲ್ಲಯ್ಯನೆಂದೂ, ಶ್ರೀಶೈಲದಿಂದ ಬಂದವನೆಂದೂ ಹೇಳಿ ಬೆಳಸೆಯನ್ನು ಬೇಡಿದನು. ಬಾಲಕನು ಎಳೆಯ ತೆನೆಗಳನ್ನು ಸುಟ್ಟು, ಉಜ್ಜಿ, ಭಕ್ತಿಯಿಂದ ಕೊಟ್ಟನು. ಅದನ್ನು ಸವಿದ ಜಂಗಮನು ಒಡಲು ಉರಿಯುವದೆಂದು ಹೇಳಿ ಮಜ್ಜಿಗೆಯನ್ನವನ್ನು ಕೇಳಿದನು. ಬಾಲಕನು ಮನೆಗೆ ಓಡಿದನು. ಅಂದಿನವರೆಗೆ ಬಾಯಿಬಿಡದ ಮಗನು ಮಲ್ಲಯ್ಯನಿಗೆ ಅನ್ನವನ್ನು ಕೊಡೆಂದು ಬೇಡಿದ್ದನ್ನು ಕೇಳಿ ತಾಯಿಯು ಹರ್ಷದಿಂದ ಮೈಮರೆತಳು. ಆದರೆ ಅನ್ನದ ಬುತ್ತಿಯೊಡನೆ ಹೊಲಕ್ಕೆ ಮರಳುವಷ್ಟರಲ್ಲಿ ಮಲ್ಲಯ್ಯನು ಅಲ್ಲಿರಲಿಲ್ಲ.

ಈ ಪ್ರಸಂಗವನ್ನು 13ನೆಯ ಶತಮಾನದ ಮಹಾಕವಿ ರಾಘವಾಂಕನು ವಾರ್ಧಕ ಷಟ್ಪದಿಯಲ್ಲಿ ರಚಿಸಿದ ತನ್ನ ಸಿದ್ಧರಾಮ ಚಾರಿತ್ರದಲ್ಲಿ ಕರುಳು ಕರಗುವಂತೆ ಬಣ್ಣಿಸಿರುವನು. ಭಕ್ತರು ಇದರಲ್ಲಿ ಒಂದು ಸಂಕೇತವನ್ನು ಗ್ರಹಿಸಬಹುದು. ಸುಟ್ಟ ಕಾಳು ಹಸಿವನ್ನು ಹಿಂಗಿಸುವದು. ಆದರೆ ಅದನ್ನು ಬಿತ್ತಿದರೆ ಮೊಳೆಯದು. ಜ್ಞಾನಾಗ್ನಿಯಲ್ಲಿ ಬೆಂದ ಕರ್ಮವೂ ಹಾಗೆಯೇ ಲೋಕಕ್ಕೆ ಉಪಕಾರವನ್ನು ಮಾಡುವದಲ್ಲದೆ ಮಾಡಿದವನಿಗೆ ಮರುಜನ್ಮವನ್ನು ಮೊಳೆಯಿಸದು. ಶಿವನು ಬಾಲಕನಿಂದ ಮೊಟ್ಟಮೊದಲು ಬೇಡಿದ್ದು ಇಂಥ ಕಾಳನ್ನು. ಅದರ ಅರ್ಥವು ಆತನಿಗೆ ತಿಳಿಯುವದಕ್ಕೆ ಇನ್ನೂ ಬಹುಕಾಲ ಬೇಕಾಗಿತ್ತು.

ಶ್ರೀಶೈಲದಲ್ಲಿ

ಮಲ್ಲಯ್ಯನನ್ನು ಕಾಣದ ಬಾಲಕನು ಅಳುತ್ತ, ಹೆಸರು ಹಿಡಿದು ಕೂಗುತ್ತ ಹೊಲಹೊಲವನ್ನು ತಿರುಗಿದನು. ದಾರಿಯಲ್ಲಿ ಶ್ರೀಶೈಲ ಯಾತ್ರೆಗೆ ಹೊರಟ ಭಕ್ತರು ಸಿಕ್ಕಿದರು. ಮಲ್ಲಯ್ಯನನ್ನು ತೋರಿಸುವೆವು ಬಾರೆಂದು ಅವರು ಕರೆದುಕೊಂಡು ಹೋದರು. ಬೆಟ್ಟವನ್ನು ಏರಿದ ಬಳಿಕ ಗರ್ಭಗುಡಿಯಲ್ಲಿ ಮಲ್ಲಿಕಾರ್ಜುನ ಲಿಂಗವನ್ನು ತೋರಿಸಿ, ಇವನೇ ಮಲ್ಲಯ್ಯನೆಂದರು. ಬಾಲಕನು ಒಪ್ಪಲಿಲ್ಲ. ತನ್ನೊಡನೆ ಮಾತಾಡಿದ, ತಾನು ಕೊಟ್ಟದ್ದನ್ನು ಉಂಡ ಮಲ್ಲಯ್ಯನೇ ಬೇಕೆಂದು ಹಟಹಿಡಿದು, ಅಡವಿಯ ಕಲ್ಲುಮುಳ್ಳುಗಳನ್ನು ಲೆಕ್ಕಿಸದೆ ಅಲೆದನು. ಎಲ್ಲಿಯೂ ಕಾಣದೆ, ಕಡೆಗೆ ಆಳವಾದ ಕೊಳ್ಳದ ಅಂಚಿನಲ್ಲಿ ನಿಂತು ಪ್ರಾಣವನ್ನೇ ಒಪ್ಪಿಸಲು ಧುಮುಕಿದನು. ಆಗ ಮಲ್ಲಿನಾಥನು ಪ್ರತ್ಯಕ್ಷನಾಗಿ ಕೈಹಿಡಿದು ಎತ್ತಿಕೊಂಡನೆಂದು ಕವಿಯು ಹೇಳುವನು.

ಆದರೆ ದರ್ಶನವನ್ನು ಕೊಟ್ಟ ಶಿವನು ಬಾಲಕನನ್ನು ತನ್ನಲ್ಲಿಯೇ ಇರಿಸಿಕೊಳ್ಳಲಿಲ್ಲ. ಸೊನ್ನಲಿಗೆಗೆ ಮರಳಿ ಅದನ್ನು ಎರಡನೆಯ ಶ್ರೀಶೈಲವನ್ನಾಗಿ ಮಾಡೆಂದು ಅಪ್ಪಣೆಯನ್ನಿತ್ತನು. ದೇವರನ್ನು ಕಂಡವನು ಲೋಕವನ್ನು ಬಿಟ್ಟು ಹೋಗಲಿಲ್ಲ. ಲೋಕದ ಕೆಲಸಕ್ಕಾಗಿಯೇ ಊರಿಗೆ ಬಂದನು. ಶರಣರ ಮಾರ್ಗದಲ್ಲಿ ಮುಕ್ತಿಯೆಂಬುದು ಬಾಳಿನಿಂದ ಓಡಿಹೋಗುವದಲ್ಲವೆಂಬುದಕ್ಕೆ ಈ ಅಪ್ಪಣೆಯೇ ಮೊದಲ ಸಾಕ್ಷಿಯು.

ಕರ್ಮಯೋಗ

ಊರಿಗೆ ಮರಳಿದ ಸಿದ್ಧರಾಮರು ಮಲ್ಲಿಕಾರ್ಜುನನ ಗುಡಿಯನ್ನು ಕಟ್ಟಿಸಿದರು. ಚಾಮಲಾದೇವಿಯೆಂಬ ರಾಣಿಯು ಅದಕ್ಕೆ ಭೂಮಿಯನ್ನು ಕೊಟ್ಟಳೆಂದು ಕಥೆಯುಂಟು. ಊರಿನ ಸುತ್ತಲೂ 68 ಲಿಂಗಗಳು ಪ್ರತಿಷ್ಠೆಗೊಂಡವು. ಸೊನ್ನಲಿಗೆಯ ಸೀಮೆಯು ಮಳೆ ಕಡಿಮೆಯಾದ ಬಯಲುಸೀಮೆಯು. ಮುಂಗಾರು ಕೈಕೊಟ್ಟರೆ ಜನಕ್ಕೂ ದನಕ್ಕೂ ನೀರಿನ ಬವಣೆಯು ತಪ್ಪದು. ದನ ಕಾದು ಬೆಳೆದ ಸಿದ್ಧರಾಮರಿಗೆ ಆ ಬವಣೆಯು ಕೇಳಿ ತಿಳಿದದ್ದಾಗಿರಲಿಲ್ಲ, ಕಂಡುಂಡದ್ದಾಗಿತ್ತು. ಅವರು ದೊಡ್ಡದೊಂದು ಕೆರೆಯನ್ನು ತೋಡಿಸಲು ಕೈಕೊಂಡರು. ಸಾವಿರಾರು ಜನರು ಗುದ್ದಲಿ ಬುಟ್ಟಿಗಳೊಡನೆ ಆ ಕೆಲಸಕ್ಕೆ ಸೇರಿದರು. ಗುಡಿ, ಕೆರೆ, ಬಾವಿ, ಅನ್ನದಾನ ಇವುಗಳಿಂದ ಸಣ್ಣ ಊರು ಪುಣ್ಯಕ್ಷೇತ್ರವಾಯಿತು. ಯೋಗಿಯ ಕೀರ್ತಿಯು ನಾಡೆಲ್ಲ ಹಬ್ಬಿತು.

ಲೋಕದ ದೃಷ್ಟಿಯಿಂದ ಇದಕ್ಕಿಂತ ಮಿಗಿಲಾದ ಬಾಳು ಯಾವುದು? ಸಿದ್ಧರಾಮರಲ್ಲಿ ಲೋಭವಿರಲಿಲ್ಲ, ಭೋಗದ ಆಸೆಯಿರಲಿಲ್ಲ. ಪ್ರಾಣಿಗಳಿಗೆ ನೀರು, ಬಡವರಿಗೆ ಅನ್ನ, ದೇವರಿಗೆ ಗುಡಿ, ಇಷ್ಟೇ ಅವರ ಬಯಕೆಯು. ಆದರೂ ಇನ್ನೊಂದು ತೊಡಕು ಉಳಿದಿತ್ತು. ಸೊನ್ನಲಿಗೆಯು ತನ್ನಿಂದ ಶ್ರೀಶೈಲವಾಯಿತು, ಈ ಕೆರೆಯು ತನ್ನ ಕೆರೆಯು, ಈ ಪುಣ್ಯವು ತನ್ನದು ಎಂಬ ಎಳೆಯೊಂದು ಬಲು ಸೂಕ್ಷ್ಮವಾಗಿ ಒಳಗೆ ಹೆಣೆದುಕೊಂಡಿತ್ತು. ದುರಾಸೆಯ ಹಗ್ಗವು ಕಣ್ಣಿಗೆ ಕಾಣುವದು. ಸತ್ಕರ್ಮದ ಅಭಿಮಾನವು ಕಟ್ಟಿದವನಿಗೇ ಕಾಣದು. ಅದನ್ನು ತೋರಿಸಿ ಬಿಡಿಸುವದಕ್ಕೆ ಗುರುವೇ ಬರಬೇಕು.

ಪ್ರಭುದೇವರ ಆಗಮನ

ಆ ಗುರುವು ಅಲ್ಲಮಪ್ರಭುದೇವರ ರೂಪದಿಂದ ಬಂದರು. ಈ ಭೇಟಿಯ ವೃತ್ತಾಂತವು ಶೂನ್ಯಸಂಪಾದನೆಯಲ್ಲಿ ವಿಸ್ತಾರವಾಗಿ ಬಂದಿರುವದು. ಪ್ರಭುದೇವರು ಕೆರೆಯ ಕೆಲಸವು ನಡೆದಲ್ಲಿಗೆ ಬಂದು, ಒಡ್ಡರಾಮನು ಎಲ್ಲಿರುವನೆಂದು ಕೇಳಿದರು. ಮಣ್ಣು ತೋಡುವ ಕಾಯಕವು ಹೀನವೆಂಬುದು ಆ ಮಾತಿನ ಅಭಿಪ್ರಾಯವಾಗಿರಲಿಲ್ಲ. ಶರಣರಿಗೆ ಯಾವ ಕಾಯಕವೂ ಹೀನವಲ್ಲ. ಜಗವೆಲ್ಲ ಶಿವಯೋಗಿಯೆಂದು ಕೈಮುಗಿಯುವ ಪುರುಷನು ಮಣ್ಣಿನ ಲೆಕ್ಕದಲ್ಲಿಯೇ ನಿಂತುಬಿಟ್ಟಿರುವನೆಂಬುದನ್ನು ಎಬ್ಬಿಸಿ ತೋರಿಸುವದೇ ಅವರ ಉದ್ದೇಶವು. ಗುರುವಿನ ಹೆಸರನ್ನು ಹಗುರವಾಗಿ ಹಿಡಿದನೆಂದು ಕೆಲಸದವರು ಸಿಟ್ಟಿಗೆದ್ದು ಕಲ್ಲುಗಳನ್ನು ಎಸೆದರು. ಕಲ್ಲುಗಳು ಸುತ್ತಲೂ ರಾಶಿಯಾಗಿ ಬಿದ್ದವಲ್ಲದೆ ಪ್ರಭುವಿನ ಮೈಯನ್ನು ಮುಟ್ಟಲಿಲ್ಲ.

ಸುದ್ದಿಯನ್ನು ಕೇಳಿ ಸಿದ್ಧರಾಮರು ಕೋಪದಿಂದ ಅಲ್ಲಿಗೆ ಬಂದು ಹಣೆಗಣ್ಣನ್ನು ತೆರೆದರು. ಅದರ ಬೆಂಕಿಯು ಪ್ರಭುವನ್ನು ಸುಡಲಾರದೆ ಅವರ ಪಾದದಲ್ಲಿಯೇ ಅಡಗಿಹೋಯಿತೆಂದು ಕಥೆಯು ಹೇಳುತ್ತದೆ. ಈ ಗಳಿಗೆಯು ಸಿದ್ಧರಾಮರ ಚರಿತ್ರೆಯ ತಿರುವು. ಅಷ್ಟು ವರ್ಷಗಳ ತಪಸ್ಸು, ಅಷ್ಟು ದಾನಧರ್ಮಗಳು ಇದ್ದರೂ ಒಂದು ಹೆಸರನ್ನು ಕೇಳಿದ ಮಾತ್ರಕ್ಕೆ ಕೋಪವು ಉಕ್ಕಿತು. ಅಭಿಮಾನವು ಇಲ್ಲದಲ್ಲಿ ಅವಮಾನವು ಎಲ್ಲಿಯದು? ಸಿದ್ಧರಾಮರು ಇದನ್ನು ತಾವೇ ಕಂಡುಕೊಂಡರು. ಕಂಡೊಡನೆ ಬಾಗಿದರು. ಸಾವಿರಾರು ಜನರ ಎದುರಿಗೆ, ತನ್ನ ಕೆರೆಯ ದಂಡೆಯ ಮೇಲೆ, ತನ್ನನ್ನು ಹಳಿದವನ ಪಾದಕ್ಕೆ ಬಾಗುವದು ಕೆರೆಯನ್ನು ಕಟ್ಟಿಸುವದಕ್ಕಿಂತ ಕಠಿಣವಾದ ಕೆಲಸವು.

ಪ್ರಭುದೇವರು ಅವರಿಗೆ ಕರ್ಮದ ಗತಿಯನ್ನು ವಿವರಿಸಿದರು. ಗುಡಿಯು ಎಷ್ಟು ಭದ್ರವಾದರೂ ಒಂದು ದಿನ ಬೀಳುವದು; ಕೆರೆಯು ಎಷ್ಟು ಆಳವಾದರೂ ಒಂದು ದಿನ ಹೂಳು ತುಂಬುವದು. ಅವುಗಳಿಂದ ಬಂದ ಪುಣ್ಯವೂ ಕಾಲಮಿತಿಯುಳ್ಳದ್ದು. ಅದು ಸ್ವರ್ಗಕ್ಕೆ ಒಯ್ದು ತೀರಿದ ಮೇಲೆ ಮರಳಿ ಮರ್ತ್ಯಕ್ಕೆ ತರುವದು. ನಿತ್ಯವಾದ ಆತ್ಮನು ಅನಿತ್ಯವಾದವುಗಳ ಲೆಕ್ಕದಲ್ಲಿ ತನ್ನ ಬೆಲೆಯನ್ನು ಕಟ್ಟಿಕೊಳ್ಳಬಾರದು. ಹೊರಗೆ ನಿಲ್ಲಿಸಿದ ಲಿಂಗವನ್ನು ಪೂಜಿಸುತ್ತ ಒಳಗಿನ ಲಿಂಗವನ್ನು ಮರೆಯಬಾರದು. ಇದು ಅವರ ಬೋಧೆಯ ತಿರುಳು. ಸಿದ್ಧರಾಮರು ತಮ್ಮ ಊರನ್ನೂ ಕೀರ್ತಿಯನ್ನೂ ಹಿಂದಿಟ್ಟು ಪ್ರಭುವಿನೊಡನೆ ಕಲ್ಯಾಣಕ್ಕೆ ನಡೆದರು.

ಕಲ್ಯಾಣದಲ್ಲಿ ದೀಕ್ಷೆ

ಆಗ ಕಲ್ಯಾಣದಲ್ಲಿ ಕಳಚುರಿ ಬಿಜ್ಜಳನು ಆಳುತ್ತಿದ್ದನು. ಬಸವಣ್ಣನವರು ಅವನ ಭಂಡಾರಿಗಳಾಗಿದ್ದು, ಅನುಭವಮಂಟಪವನ್ನು ನೆಲೆಗೊಳಿಸಿ, ದಾಸೋಹವನ್ನು ನಡೆಸುತ್ತಿದ್ದರು. ಸಿದ್ಧರಾಮರಿಗೆ ಅಲ್ಲಿ ಒಂದು ವಿಚಿತ್ರವು ಕಂಡಿತು. ಸೊನ್ನಲಿಗೆಯಲ್ಲಿ ಕೆರೆಯ ಕೆಲಸವನ್ನು ಹಳಿದ ಪ್ರಭುದೇವರು ಬಸವಣ್ಣನವರ ಮಹಾಮನೆಯಲ್ಲಿ ಹಗಲಿರುಳು ನಡೆಯುವ ದಾಸೋಹವನ್ನು ಕಂಡು ಸಂತೋಷಪಟ್ಟರು. ಅಲ್ಲಿಯೂ ಅನ್ನದಾನವೇ, ಇಲ್ಲಿಯೂ ಅನ್ನದಾನವೇ. ಒಂದು ಬಂಧನವಾಗಿ, ಇನ್ನೊಂದು ಮುಕ್ತಿಯಾದದ್ದು ಏಕೆ?

ಭೇದವು ಕೆಲಸದಲ್ಲಿರಲಿಲ್ಲ, ಮಾಡುವವನ ಭಾವದಲ್ಲಿತ್ತು. ದಾನದಲ್ಲಿ ಕೊಡುವವನು ಮೇಲೆ, ಕೊಳ್ಳುವವನು ಕೆಳಗೆ. ದಾಸೋಹದಲ್ಲಿ ಕೊಡುವವನೇ ದಾಸನು; ಕೊಳ್ಳುವ ಜಂಗಮನು ಒಡೆಯನು; ಕೊಟ್ಟ ಪದಾರ್ಥವು ಮೊದಲೇ ಶಿವನದು. ದಾನವು ಪುಣ್ಯವನ್ನು ಗಳಿಸುವದು. ದಾಸೋಹದಲ್ಲಿ ಗಳಿಸುವದಕ್ಕೆ ಒಬ್ಬನು ಉಳಿದಿರುವದೇ ಇಲ್ಲ. ಬಸವಣ್ಣನವರ ಮನೆಯಲ್ಲಿ ಸಿದ್ಧರಾಮರು ಕಂಡದ್ದು ಈ ರಹಸ್ಯವನ್ನು.

ಆದರೆ ಒಂದು ಚರ್ಚೆಯು ಉಳಿದಿತ್ತು. ಸಿದ್ಧರಾಮರ ಅಂಗದ ಮೇಲೆ ಇಷ್ಟಲಿಂಗವಿರಲಿಲ್ಲ. ಅಂತರಂಗದಲ್ಲಿ ಶಿವನನ್ನು ನೆಲೆಗೊಳಿಸಿದ ಯೋಗಿಗೆ ಹೊರಗಿನ ಲಿಂಗವೇಕೆಂಬುದು ಅವರ ಪಕ್ಷವು. ಚೆನ್ನಬಸವಣ್ಣನವರು ಅದನ್ನು ಒಪ್ಪಲಿಲ್ಲ. ಅಂತರಂಗವೇ ಸಾಕೆಂಬವನು ಬಹಿರಂಗವನ್ನು ಶಿವನ ಹೊರಗೆ ಉಳಿಸಿದಂತಾಯಿತು. ಒಳಗು ಹೊರಗು ಎಂಬ ಎರಡು ಇರುವವರೆಗೆ ಐಕ್ಯವು ಅಪೂರ್ಣವೆಂಬುದು ಅವರ ನಿಲುವಾಗಿತ್ತು.

ಇಲ್ಲಿ ವೀರಶೈವ ಸಿದ್ಧಾಂತದ ಒಂದು ಮುಖ್ಯ ವಿಷಯವನ್ನು ನೆನೆಯಬೇಕು. ಆತ್ಮನು ಸ್ವಭಾವದಿಂದ ಶಿವಾಂಶನೇ ಆಗಿದ್ದರೂ ಮೂರು ಮಲಗಳಿಂದ ಆವೃತನಾಗಿರುವನು. ತಾನು ಅಲ್ಪನೆಂಬ ಆಣವಮಲವು ಕಾರಣತನುವಿಗೆ, ಭೇದವನ್ನು ಕಾಣಿಸುವ ಮಾಯಾಮಲವು ಸೂಕ್ಷ್ಮತನುವಿಗೆ, ಪುಣ್ಯಪಾಪಗಳನ್ನು ಅಂಟಿಸುವ ಕಾರ್ಮಿಕಮಲವು ಸ್ಥೂಲತನುವಿಗೆ ಹತ್ತಿಕೊಂಡಿರುವವು. ಶ್ರೀಗುರುವು ವೇಧಾದೀಕ್ಷೆಯಿಂದ ಮೊದಲನೆಯದನ್ನು ಕಳೆದು ಭಾವಲಿಂಗವನ್ನೂ, ಮಂತ್ರದೀಕ್ಷೆಯಿಂದ ಎರಡನೆಯದನ್ನು ಕಳೆದು ಪ್ರಾಣಲಿಂಗವನ್ನೂ, ಕ್ರಿಯಾದೀಕ್ಷೆಯಿಂದ ಮೂರನೆಯದನ್ನು ಕಳೆದು ಇಷ್ಟಲಿಂಗವನ್ನೂ ಅನುಗ್ರಹಿಸುವನು. ಇದನ್ನು ತಿಳಿದವರಿಗೆ ಚೆನ್ನಬಸವಣ್ಣನವರ ಹಟವು ಬರಿಯ ಆಚಾರದ ಹಟವಾಗಿ ತೋರದು. ಸಿದ್ಧರಾಮರ ಉಳಿದ ತೊಡಕು ಕರ್ಮದ ತೊಡಕಾಗಿತ್ತು. ಕೈಯಿಂದ ಮಾಡಿದ್ದೇ ಅವರನ್ನು ಕಟ್ಟಿತ್ತು. ಆದುದರಿಂದ ಲಿಂಗವು ಆ ಕೈಗೇ ಬರಬೇಕಾಗಿತ್ತು. ಲಿಂಗವು ನೆಲೆಸಿದ ಕರಸ್ಥಲದಿಂದ ನಡೆದ ಕೆಲಸವು ಲಿಂಗದ್ದೇ ಹೊರತು ತನ್ನದಾಗಿ ಉಳಿಯದು.

ಸಿದ್ಧರಾಮರು ವಾದವನ್ನು ಬಿಟ್ಟು ಅರಿವಿಗೆ ತಲೆಬಾಗಿ, ವಯಸ್ಸಿನಲ್ಲಿ ಕಿರಿಯರಾದ ಚೆನ್ನಬಸವಣ್ಣನವರಿಂದ ಇಷ್ಟಲಿಂಗ ದೀಕ್ಷೆಯನ್ನು ಪಡೆದರು. ಈ ದೀಕ್ಷೆಯಿಂದ ಸಂಚಿತದ ಹಗೇವು ಬರಿದಾಯಿತು. ದೇಹವಿರುವತನಕ ಬರುವ ಪ್ರಾರಬ್ಧವು ಪ್ರಸಾದವಾಯಿತು. ಎಲ್ಲವೂ ಲಿಂಗಾರ್ಪಿತವಾದ್ದರಿಂದ ಆಗಾಮಿಯು ಮೊಳೆಯದ ಹುರಿದ ಬೀಜವಾಯಿತು. ಮುಕ್ತಿಯು ಸತ್ತ ಬಳಿಕ ದೊರೆಯುವ ಲೋಕವಲ್ಲ, ಇದ್ದಲ್ಲಿಯೇ ಕೈಗೂಡುವ ಲಿಂಗಾಂಗ ಸಾಮರಸ್ಯವು ಎಂಬ ಶರಣರ ಮತವು ಅವರಲ್ಲಿ ನಿಜವಾಯಿತು.

ಮರಳಿ ಸೊನ್ನಲಿಗೆಗೆ

1167ರ ಸುಮಾರಿಗೆ ಕಲ್ಯಾಣದಲ್ಲಿ ವಿಪ್ಲವವೆದ್ದು ಶರಣರು ದಿಕ್ಕುದಿಕ್ಕಿಗೆ ಚದರಿದರು. ಚೆನ್ನಬಸವಣ್ಣನವರು ಉಳವಿಯಲ್ಲಿ ಲಿಂಗೈಕ್ಯರಾದರು. ಪ್ರಭುದೇವರು, ಚೆನ್ನಬಸವಣ್ಣನವರು ಇವರ ಬಳಿಕ ಶೂನ್ಯಪೀಠದ ಮೂರನೆಯ ಅಧಿಪತಿಗಳು ಸಿದ್ಧರಾಮರೇ ಎಂದು ವಿರಕ್ತ ಪರಂಪರೆಯು ಗೌರವಿಸುತ್ತ ಬಂದಿರುವದು. ಕಪಿಲಸಿದ್ಧಮಲ್ಲಿಕಾರ್ಜುನ ಎಂಬ ಅಂಕಿತದಿಂದ ಅವರು ರಚಿಸಿದ ವಚನಗಳಲ್ಲಿ ಸಾವಿರಕ್ಕೂ ಮಿಕ್ಕು ಇಂದು ದೊರೆತಿರುವವು. ಬಸವಸ್ತೋತ್ರ ತ್ರಿವಿಧಿ ಮೊದಲಾದ ತ್ರಿಪದಿಯ ಕೃತಿಗಳೂ ಉಂಟು. ತನ್ನನ್ನು ತಿದ್ದಿದವರನ್ನು ಬಾಯ್ತುಂಬ ಕೊಂಡಾಡುವದು ಅವುಗಳ ಒಂದು ಲಕ್ಷಣವು. ತಾವು ಕಲಿತದ್ದನ್ನು ಮರೆಮಾಚದೆ, ಯಾರಿಂದ ಕಲಿತೆವೆಂಬುದನ್ನು ಅವರು ಲೋಕಕ್ಕೆಲ್ಲ ಸಾರಿದರು.

ಕಡೆಯ ದಿನಗಳಲ್ಲಿ ಸಿದ್ಧರಾಮರು ಸೊನ್ನಲಿಗೆಗೆ ಮರಳಿ ಅಲ್ಲಿಯೇ ಸಮಾಧಿಸ್ಥರಾದರು. ಪ್ರಭುದೇವರ ಬೋಧೆಯನ್ನು ಕೇಳಿದ ಬಳಿಕ ಅವರು ಕೆರೆಯನ್ನು ಮುಚ್ಚಿಸಲಿಲ್ಲ, ಗುಡಿಯನ್ನು ಕೆಡಹಿಸಲಿಲ್ಲ. ಬಿಟ್ಟದ್ದು ಕೆರೆಯನ್ನಲ್ಲ, ಕೆರೆಯು ತನ್ನದೆಂಬುದನ್ನು. ಆ ಕೆರೆಯ ನಡುವೆ ಇರುವ ಅವರ ಗದ್ದುಗೆಯು ಇಂದಿಗೂ ಯಾತ್ರಿಕರನ್ನು ಸೆಳೆಯುತ್ತಿರುವದು. ಪ್ರತಿ ವರ್ಷ ಮಕರ ಸಂಕ್ರಾಂತಿಯ ಹೊತ್ತಿಗೆ ಅಲ್ಲಿ ಗಡ್ಡೆಯ ಜಾತ್ರೆಯು ನೆರೆಯುವದು. ಊರ ಸುತ್ತಲಿನ 68 ಲಿಂಗಗಳಿಗೆ ಎಣ್ಣೆಯ ಅಭಿಷೇಕವಾಗುವದು. ಮುಗಿಲೆತ್ತರದ ನಂದಿಧ್ವಜಗಳು ಮೆರವಣಿಗೆಯಲ್ಲಿ ಬರುವವು. ಸಿದ್ಧರಾಮರನ್ನು ವರಿಸಬಯಸಿದ ಕುಂಬಾರರ ಕನ್ನಿಕೆಗೆ ಅವರು ತಮ್ಮ ಯೋಗದಂಡವನ್ನೇ ಕೊಟ್ಟರೆಂಬ ಕಥೆಯನ್ನು ನೆನೆದು, ಆ ದಂಡದೊಡನೆ ಮದುವೆಯ ಅಕ್ಷತೆಯು ಬೀಳುವದು. ಕನ್ನಡಿಗರೂ ಮರಾಠಿಗರೂ ಭೇದವಿಲ್ಲದೆ ಅದರಲ್ಲಿ ಕೂಡುವರು. ಕಲ್ಲುಮಣ್ಣಿನ ಕಾಯಕದ ಭೋವಿ ಸಮಾಜದವರು ಸಿದ್ಧರಾಮೇಶ್ವರರನ್ನು ತಮ್ಮ ಕುಲಗುರುವೆಂದು ಆರಾಧಿಸುವರು. ಒಡ್ಡರಾಮನೆಂಬ ಹೆಸರನ್ನು ಕೇಳಿ ಒಂದು ದಿನ ಕಲ್ಲುಗಳು ಹಾರಿದವು. ಇಂದು ಅದೇ ಕಾಯಕದವರು ಆ ಸಂಬಂಧವನ್ನು ತಮ್ಮ ಹಿರಿಮೆಯೆಂದು ಹೇಳಿಕೊಳ್ಳುವರು. ಸೊಲ್ಲಾಪುರದಲ್ಲಿಯೇ ಜನಿಸಿ ಕನ್ನಡಕ್ಕಾಗಿ ದುಡಿದ ಡಾ. ಜಯದೇವಿತಾಯಿ ಲಿಗಾಡೆಯವರು (1912-1986) ಸಿದ್ಧರಾಮರ ಚರಿತ್ರೆಯನ್ನು ಹೊಸಗಾಲದ ಪುರಾಣಕಾವ್ಯವಾಗಿ ಹಾಡಿ ತಮ್ಮ ಊರಿನ ಋಣವನ್ನು ತೀರಿಸಿದರು.

ಮಠಮಂದಿರಗಳನ್ನು ಕಟ್ಟುವದು, ಅನ್ನದಾಸೋಹವನ್ನು ನಡೆಸುವದು, ವಿದ್ಯಾದಾನಕ್ಕೆ ನೆರವಾಗುವದು ಇವೆಲ್ಲ ಭಕ್ತರ ಪಾಲಿಗೆ ಬಂದ ಸೇವೆಗಳು. ಉತ್ಸವದ ದಿನಗಳಲ್ಲಿ ಇವುಗಳ ಎಣಿಕೆಯು ನಡೆಯುವದು ಸಹಜವೇ. ಯಾರು ಎಷ್ಟು ಕೊಟ್ಟರು, ಯಾರ ಹೆಸರು ಯಾವ ಕಲ್ಲಿನ ಮೇಲೆ ಬಂದಿತು ಎಂಬ ಲೆಕ್ಕವು ಮನಸ್ಸನ್ನು ಸುತ್ತಿಕೊಂಡಾಗ ಸೊನ್ನಲಿಗೆಯ ಕೆರೆಯ ದಂಡೆಯನ್ನು ನೆನೆಯಬೇಕು. ಸೇವೆಯನ್ನು ನಿಲ್ಲಿಸಬೇಕಾಗಿಲ್ಲ, ಗುದ್ದಲಿಯನ್ನು ಕೆಳಗಿಡಬೇಕಾಗಿಲ್ಲ. ಕರಸ್ಥಲದ ಲಿಂಗಕ್ಕೆ ಒಪ್ಪಿಸಿ ಮಾಡಿದ ಕೆಲಸವು ಲೋಕಕ್ಕೆ ನೀರಾಗಿ ಅನ್ನವಾಗಿ ಸಲ್ಲುವದು; ಮಾಡಿದವನಿಗೆ ಬೀಜವಾಗಿ ಉಳಿಯದು. ನಿತ್ಯನಾದ ಆತ್ಮನು ತನ್ನ ನಿಜವನ್ನು ಅರಿಯುವದಕ್ಕೆ ಕೆಲಸವನ್ನು ಬಿಟ್ಟು ಎಲ್ಲಿಗೂ ಹೋಗಬೇಕಾಗಿಲ್ಲವೆಂಬ ಈ ಭರವಸೆಯೇ ಶಿವಯೋಗಿ ಸಿದ್ಧರಾಮೇಶ್ವರರು ಭಕ್ತಕುಲಕ್ಕೆ ಬಿಟ್ಟುಹೋದ ಆಸ್ತಿಯು.